ಸೋಮಾರಿ ಅನಿಲಗಳ ಸೇವಾ ವೃತ್ತಾಂತ

ಬಾಲ್ಯದ ಮಳೆಗಾಲದ ರಾತ್ರಿಗಳನ್ನು ನೆನೆದಾಗಲೆಲ್ಲ ಹಂಚಿನ ಮೇಲೆ ಬೀಳುವ ಮಳೆಯ ಸದ್ದಿನೊಡನೆ ನನ್ನ ಅಜ್ಜಿಯ ಉಸಿರಿನ ಸದ್ದೂ ಕಿವಿಗೆ ಕೇಳಿಸುತ್ತದೆ. ಅವರಿಗೆ ಉಬ್ಬಸವಿತ್ತು. ಥಂಡಿ ಗಾಳಿ ಬೀಸತೊಡಗಿತೆಂದರೆ ಮಲಗಲಾರದೆ ಗೋಡೆಗೆ ಒರಗಿ, ಮಡಿಲಲ್ಲಿ ದಿಂಬಿಟ್ಟು, ಅದರ ಮೇಲೆ ಮೊಣಕೈಗಳನ್ನೂರಿ ಬೆಳಗಾಗುವವರೆಗೆ ಕುಳಿತೇ ಇರುತ್ತಿದ್ದರು. 'ಸುತ್ತಲೂ ಇಷ್ಟೊಂದು ಗಾಳಿಯಿದೆ, ನನ್ನೊಳಗೆ ಮಾತ್ರ ಬರುತ್ತಿಲ್ಲವಲ್ಲ ಮಗಾ' ಎಂದು ಒಂದು ರಾತ್ರಿ ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ.

ಗುರುದೀಕ್ಷೆ ಪಡೆದ ಮೇಲೆ ರೋಗಿಗಳನ್ನು ಕಾಣಲು ಆಸ್ಪತ್ರೆಗಳಿಗೆ ಹೋಗುವುದು ನನ್ನ ನಿತ್ಯದ ಕೆಲಸಗಳಲ್ಲಿ ಒಂದಾಯಿತು. ಉಸಿರಿಗಾಗಿ ಹೋರಾಡುವವರ ಹಾಸಿಗೆಯ ಬಳಿ ನಿಂತಾಗಲೆಲ್ಲ ಅಜ್ಜಿಯ ಆ ಮಾತು ಮರಳಿ ಬರುತ್ತದೆ. ಗಾಳಿಯಿದ್ದೂ ಒಳಗೆ ಬಾರದ ಈ ಸಂಕಟವನ್ನು ಬಿಡಿಸಲು ವೈದ್ಯಶಾಸ್ತ್ರ ಹುಡುಕಿದ ದಾರಿಗಳಲ್ಲಿ ಒಂದು ಬಲು ವಿಚಿತ್ರವಾದದ್ದು. ಯಾವುದರೊಂದಿಗೂ ಬೆರೆಯದ, ಉರಿಯದ, ಉರಿಸದ, ದೇಹಕ್ಕೆ ಆಹಾರವೂ ಆಗದ ಅನಿಲಗಳನ್ನೇ ರೋಗಿಯ ಉಸಿರಿಗೆ ಬೆರೆಸಿದ ಕಥೆ ಅದು. ಜಡಾನಿಲಗಳೆಂದು ಶಾಲೆಯಲ್ಲಿ ನಾವು ಹೆಸರು ಉರುಹೊಡೆದು ಮರೆತ ಹೀಲಿಯಂ, ನಿಯಾನ್, ಆರ್ಗಾನ್, ಕ್ರಿಪ್ಟಾನ್, ಕ್ಸೆನಾನ್‌ಗಳಲ್ಲಿ ಕೆಲವು ಆಸ್ಪತ್ರೆಯ ಬಾಗಿಲಿಗೆ ಬಂದದ್ದು ಹೇಗೆ, ಅಲ್ಲಿ ಅವು ಮಾಡಿದ್ದೇನು, ಮಾಡಲಾರದೆ ಹೋದದ್ದೇನು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಗಾಳಿಯಲ್ಲಿ ಅಡಗಿದ್ದವರು

1785ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಎಂಬ ವಿಜ್ಞಾನಿ ಗಾಳಿಯ ಮೇಲೊಂದು ಪ್ರಯೋಗ ನಡೆಸಿದರು. ಗಾಜಿನ ಕೊಳವೆಯಲ್ಲಿದ್ದ ಗಾಳಿಗೆ ಆಮ್ಲಜನಕ ಸೇರಿಸಿ, ವಿದ್ಯುತ್ ಕಿಡಿಗಳನ್ನು ಹಾಯಿಸಿ, ಅದರೊಳಗಿನ ಸಾರಜನಕವನ್ನೆಲ್ಲ ಸಂಯುಕ್ತವಾಗಿ ಮಾರ್ಪಡಿಸಿ ಹೀರಿಸಿಬಿಟ್ಟರು. ಆದರೂ ಕೊನೆಯಲ್ಲಿ ಒಂದು ಸಣ್ಣ ಗುಳ್ಳೆ ಉಳಿದೇ ಉಳಿಯಿತು. ಅದು ಸಾರಜನಕದ 120ನೇ ಒಂದು ಪಾಲಿಗಿಂತ ಹೆಚ್ಚಿಲ್ಲವೆಂದು ಅವರು ಪ್ರಾಮಾಣಿಕವಾಗಿ ಬರೆದಿಟ್ಟರು. ಆ ಗುಳ್ಳೆ ಏನೆಂದು ತಿಳಿಯಲು ಜಗತ್ತು ನೂರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಮುಂದೆ ಲಾರ್ಡ್ ರೇಲಿ ಎಂಬ ಭೌತವಿಜ್ಞಾನಿ ಸಾರಜನಕವನ್ನು ತೂಗುವ ಕೆಲಸಕ್ಕೆ ಕೈಹಚ್ಚಿದರು. ಗಾಳಿಯಿಂದ ತೆಗೆದ ಸಾರಜನಕ ಲೀಟರಿಗೆ ಸುಮಾರು 1.257 ಗ್ರಾಂ ತೂಗಿದರೆ, ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ 1.250 ಗ್ರಾಂನ ಆಸುಪಾಸಿನಲ್ಲಿತ್ತು. ವ್ಯತ್ಯಾಸ ಅತ್ಯಲ್ಪ, ಬೇರೆಯವರಾಗಿದ್ದರೆ ತಕ್ಕಡಿಯ ದೋಷವೆಂದು ಕೈಬಿಡುತ್ತಿದ್ದರೇನೋ. ರೇಲಿಯವರು ಬಿಡಲಿಲ್ಲ. ರಸಾಯನವಿಜ್ಞಾನಿ ವಿಲಿಯಂ ರಾಮ್ಸೆಯವರೊಂದಿಗೆ ಸೇರಿ ಅದರ ಬೆನ್ನುಹತ್ತಿದರು. 1894ರಲ್ಲಿ ಗಾಳಿಯೊಳಗೆ ಅಡಗಿದ್ದ ಹೊಸ ಅನಿಲವೊಂದನ್ನು ಇಬ್ಬರೂ ಜಗತ್ತಿಗೆ ಪ್ರಕಟಿಸಿದರು. ಅದು ಯಾವ ವಸ್ತುವಿನೊಡನೆಯೂ ಕೂಡುತ್ತಿರಲಿಲ್ಲವಾದ ಕಾರಣ ಅದಕ್ಕೆ ಆರ್ಗಾನ್ ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ 'ಆರ್ಗೋಸ್' ಎಂದರೆ ಕೆಲಸವಿಲ್ಲದವನು, ಸೋಮಾರಿ.

ಗುರುಮಠದಲ್ಲಿ ಗ್ರೀಕ್ ಓದಿದವರಿಗೆ ಈ ಪದ ಹೊಸದಲ್ಲ. ಸಂತ ಮತ್ತಾಯನ ಶುಭಸಂದೇಶದ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯಲ್ಲಿ, ಪೇಟೆಬೀದಿಯಲ್ಲಿ ಕೆಲಸವಿಲ್ಲದೆ ನಿಂತಿದ್ದ ಆಳುಗಳನ್ನು ಕುರಿತು ಬಳಸಿರುವುದೂ ಇದೇ ಪದ. ಅವರು ಮೈಗಳ್ಳರಾಗಿರಲಿಲ್ಲ, ಅವರನ್ನು ಯಾರೂ ಕೆಲಸಕ್ಕೆ ಕರೆದಿರಲಿಲ್ಲ, ಅಷ್ಟೆ. ಆರ್ಗಾನಿನ ಮತ್ತು ಅದರ ಒಡಹುಟ್ಟುಗಳ ಮುಂದಿನ ಚರಿತ್ರೆಗೆ ಈ ಸಾಮತಿ ಎಷ್ಟು ಚೆನ್ನಾಗಿ ಒಪ್ಪುತ್ತದೆ ಎಂಬುದು ಓದುತ್ತ ಹೋದಂತೆ ತಿಳಿಯುತ್ತದೆ.

1898ರಲ್ಲಿ ರಾಮ್ಸೆ ಹಾಗೂ ಅವರ ಸಹಾಯಕ ಮಾರಿಸ್ ಟ್ರಾವರ್ಸ್ ದ್ರವರೂಪಕ್ಕಿಳಿಸಿದ ಗಾಳಿಯನ್ನು ಮೆಲ್ಲಮೆಲ್ಲನೆ ಆವಿಯಾಗಿಸಿ ಕೆಲವೇ ವಾರಗಳಲ್ಲಿ ಇನ್ನೂ ಮೂರು ಅನಿಲಗಳನ್ನು ಕಂಡುಹಿಡಿದರು. ಅಡಗಿದ್ದುದರಿಂದ ಒಂದು ಕ್ರಿಪ್ಟಾನ್, ಹೊಸದಾದ್ದರಿಂದ ಇನ್ನೊಂದು ನಿಯಾನ್, ಅಪರಿಚಿತವಾದ್ದರಿಂದ ಮತ್ತೊಂದು ಕ್ಸೆನಾನ್. 1904ರಲ್ಲಿ ರೇಲಿಯವರಿಗೆ ಭೌತವಿಜ್ಞಾನದ, ರಾಮ್ಸೆಯವರಿಗೆ ರಸಾಯನವಿಜ್ಞಾನದ ನೊಬೆಲ್ ಬಹುಮಾನ ದೊರೆಯಿತು.

ಈ ಅನಿಲಗಳು ನಮಗೆ ದೂರದವೇನಲ್ಲ. ಗಾಳಿಯ ನೂರು ಪಾಲಿನಲ್ಲಿ ಹೆಚ್ಚುಕಡಿಮೆ ಒಂದು ಪಾಲು ಆರ್ಗಾನ್. ಸಾಮಾನ್ಯವಾದ ಒಂದು ಉಸಿರಿನಲ್ಲಿ ನಾವು ಸುಮಾರು 500 ಮಿಲಿಲೀಟರ್ ಗಾಳಿಯನ್ನು ಒಳಗೆಳೆಯುತ್ತೇವೆ ಎಂದಿಟ್ಟುಕೊಂಡರೆ ಅದರಲ್ಲಿ ಒಂದು ಚಮಚೆಯಷ್ಟು ಆರ್ಗಾನ್ ಇರುತ್ತದೆ. ಹುಟ್ಟಿದ ಶಿಶುವಿನ ಮೊದಲ ಅಳುವಿನಲ್ಲೂ ವೃದ್ಧರ ಕೊನೆಯ ಉಸಿರಿನಲ್ಲೂ ಅದು ಒಳಬಂದು, ಏನನ್ನೂ ಮುಟ್ಟದೆ, ಹಾಗೆಯೇ ಹೊರಹೋಗುತ್ತದೆ.

ಸೂರ್ಯನಿಂದ ಭೂಮಿಗೆ

ಇವುಗಳಲ್ಲಿ ಅತ್ಯಂತ ಹಗುರವಾದ ಹೀಲಿಯಂನ ಕಥೆಗೆ ನಮ್ಮ ನಾಡಿನ ನಂಟಿದೆ. 1868ರ ಆಗಸ್ಟ್ 18ರಂದು ಸಂಭವಿಸಿದ ಸಂಪೂರ್ಣ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ಪಶ್ಚಿಮದಿಂದ ಪೂರ್ವಕ್ಕೆ ಹಾದುಹೋಯಿತು. ಅದನ್ನು ನೋಡಲು ಹಲವು ತಂಡಗಳು ಬಂದಿಳಿದವು. ಫ್ರಾನ್ಸಿನ ಪಿಯೇರ್ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟರು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ರ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಆಗ ಸಂಸ್ಥಾನವಾಗಿದ್ದ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಜಮಖಂಡಿಯಲ್ಲಿ ದೂರದರ್ಶಕವನ್ನು ನಿಲ್ಲಿಸಿದರು. ಮಳೆಗಾಲದ ಮೋಡಗಳ ಕಾಟದ ನಡುವೆಯೂ ಸೂರ್ಯನ ಅಂಚಿನಿಂದ ಚಿಮ್ಮುವ ಜ್ವಾಲೆಯ ಬೆಳಕನ್ನು ರೋಹಿತದರ್ಶಕದಿಂದ ಒಡೆದು ನೋಡಿ, ಅದರಲ್ಲಿ ಪ್ರಕಾಶಮಾನವಾದ ಬಣ್ಣದ ರೇಖೆಗಳನ್ನು ಕಂಡರು.

ಆ ಗ್ರಹಣದಂದು ಕಂಡ ರೇಖೆಗಳಲ್ಲಿ ಹಳದಿಯದೂ ಒಂದಿತ್ತು. ಅದು ಸೋಡಿಯಂನದಿರಬೇಕೆಂದು ನೋಡಿದವರು ಭಾವಿಸಿದರು. ಅದೇ ವರ್ಷದ ಅಕ್ಟೋಬರ್ 20ರಂದು ಲಂಡನ್ನಿನಲ್ಲಿ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಅಂತಹ ಜ್ವಾಲೆಯನ್ನು ಪರೀಕ್ಷಿಸಿದಾಗ ಆ ಹಳದಿ ರೇಖೆ ಸೋಡಿಯಂನ ಸ್ಥಾನಕ್ಕೆ ಸರಿಯಾಗಿ ಹೊಂದಲಿಲ್ಲ. ಭೂಮಿಯ ಮೇಲೆ ಯಾರೂ ಅರಿಯದ ಆ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರಾಯಿತು. 1895ರಲ್ಲಿ ರಾಮ್ಸೆ ಅವರು ಯುರೇನಿಯಂ ಇರುವ ಖನಿಜವೊಂದನ್ನು ಆಮ್ಲದೊಡನೆ ಕಾಯಿಸಿ ಹೊರಬಂದ ಅನಿಲದಲ್ಲಿ ಅದೇ ಹಳದಿ ರೇಖೆಯನ್ನು ಕಂಡರು. ಸೂರ್ಯನಲ್ಲಿ ಕಂಡದ್ದು ಭೂಮಿಯಲ್ಲೂ ದೊರೆತಂತಾಯಿತು.

ಆದರೆ ದೊರೆತದ್ದು ಹನಿಯಷ್ಟು. ಅದು ಸಿಲಿಂಡರುಗಳಲ್ಲಿ ತುಂಬುವಷ್ಟು ಸಿಗಲು ಒಂದು ನಿರಾಶೆಯ ಸಮಾರಂಭ ಕಾರಣವಾಯಿತು. 1903ರಲ್ಲಿ ಅಮೆರಿಕದ ಕ್ಯಾನ್ಸಸ್ ಪ್ರಾಂತ್ಯದ ಡೆಕ್ಸ್‌ಟರ್ ಎಂಬ ಊರಿನಲ್ಲಿ ಕೊರೆದ ಬಾವಿಯಿಂದ ಅನಿಲ ಭೋರ್ಗರೆದು ಬಂತು. ಊರಿಗೆ ಊರೇ ಸೇರಿ ಹಬ್ಬ ಮಾಡಿ ಅದಕ್ಕೆ ಬೆಂಕಿ ಹಚ್ಚಲು ಹೋದರೆ ಅನಿಲ ಹೊತ್ತಿಕೊಳ್ಳಲಿಲ್ಲ. ಹಚ್ಚಲು ತಂದ ಹುಲ್ಲಿನ ಬೆಂಕಿಯನ್ನೇ ಆರಿಸಿಬಿಟ್ಟಿತು. ಜನ ತಲೆತಗ್ಗಿಸಿ ಮನೆಗೆ ಹೋದರು. ಎರಡು ವರ್ಷಗಳ ಬಳಿಕ ಅಲ್ಲಿನ ವಿಶ್ವವಿದ್ಯಾಲಯದ ಕೇಡಿ ಮತ್ತು ಮ್ಯಾಕ್‌ಫರ್ಲಂಡ್ ಎಂಬುವರು ಆ ಅನಿಲದಲ್ಲಿ 1.84 ಶೇಕಡ ಹೀಲಿಯಂ ಇದೆಯೆಂದು ತೋರಿಸಿದರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಹೊತ್ತಿಕೊಳ್ಳದ ಆ ಗುಣವೇ ವಾಯುನೌಕೆಗಳಿಗೆ ಬೇಕಾದ ಗುಣವಾಗಿ, ಹೀಲಿಯಂನ ಉತ್ಪಾದನೆ ಆರಂಭವಾಯಿತು. ವಾಯುನೌಕೆಗಳ ಕಾಲ ಮುಗಿದು ಹೋಯಿತು. ವೈದ್ಯರ ಕೈಗೆ ಹೀಲಿಯಂ ಬಂದು ಸೇರಿತು.

ಹಗುರವಾದ ಉಸಿರು

ನ್ಯೂಯಾರ್ಕಿನ ವೈದ್ಯ ಆಲ್ವನ್ ಬ್ಯಾರಕ್ ಆಮ್ಲಜನಕ ಚಿಕಿತ್ಸೆಯಲ್ಲಿ ಆಗಲೇ ಹೆಸರು ಮಾಡಿದ್ದವರು. ಎಷ್ಟು ಆಮ್ಲಜನಕ ಕೊಟ್ಟರೂ ಗಾಳಿಯ ದಾರಿ ಕಿರಿದಾದ ರೋಗಿ ಅದನ್ನು ಒಳಗೆಳೆಯಲು ಪಡುವ ಶ್ರಮ ಕಡಿಮೆಯಾಗುವುದಿಲ್ಲ ಎಂಬುದನ್ನು ಅವರು ಕಂಡಿದ್ದರು. ಗಾಳಿಯಲ್ಲಿ ಹೆಚ್ಚಿನ ಪಾಲು ಸಾರಜನಕ. ಅದರ ಜಾಗದಲ್ಲಿ ಹೀಲಿಯಂ ಇಟ್ಟರೆ ಏನಾಗಬಹುದು ಎಂದು ಅವರು ಯೋಚಿಸಿದರು. ಹೀಲಿಯಂ ಮತ್ತು ಆಮ್ಲಜನಕದ ಮಿಶ್ರಣದಲ್ಲಿ ಇಲಿಗಳು ತೊಂದರೆಯಿಲ್ಲದೆ ಬದುಕುವುದನ್ನು ಮೊದಲು ಖಚಿತಪಡಿಸಿಕೊಂಡು, 1934ರಲ್ಲಿ ಹೀಲಿಯಂ ಅನ್ನು ಹೊಸದೊಂದು ಚಿಕಿತ್ಸಾ ಅನಿಲವೆಂದು ವೈದ್ಯಲೋಕದ ಮುಂದಿಟ್ಟರು. ಮರುವರ್ಷ ಉಬ್ಬಸದಲ್ಲೂ ಗಂಟಲು ಮತ್ತು ಶ್ವಾಸನಾಳದ ಅಡಚಣೆಗಳಲ್ಲೂ ಅದನ್ನು ಬಳಸಿದ ಅನುಭವವನ್ನು ಪ್ರಕಟಿಸಿದರು.

ಇದರ ಮರ್ಮ ಸರಳವಾಗಿದೆ. ಒಂದು ಲೀಟರ್ ಗಾಳಿ ಸುಮಾರು 1.3 ಗ್ರಾಂ ತೂಗುತ್ತದೆ. ಎಂಬತ್ತು ಪಾಲು ಹೀಲಿಯಂ, ಇಪ್ಪತ್ತು ಪಾಲು ಆಮ್ಲಜನಕದ ಮಿಶ್ರಣ ಅದರ ಮೂರನೇ ಒಂದು ಪಾಲಷ್ಟೇ ತೂಗುತ್ತದೆ. ಹಬ್ಬದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಕಿರಿದಾದ ಬಾಗಿಲಲ್ಲಿ ಜನ ಒಮ್ಮೆಗೇ ನುಗ್ಗಿದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ತಳ್ಳಾಟವೇ ಹೆಚ್ಚಿ ಹೊರಬರುವವರು ಕಡಿಮೆಯಾಗುತ್ತಾರೆ. ಸಾಲಾಗಿ ನಡೆದರೆ ಅದೇ ಬಾಗಿಲಿನಿಂದ ಎಲ್ಲರೂ ಸುಲಭವಾಗಿ ಬರುತ್ತಾರೆ. ಊತದಿಂದಲೋ ಗಡ್ಡೆಯಿಂದಲೋ ಶ್ವಾಸನಾಳ ಕಿರಿದಾದಾಗ ಅಲ್ಲಿ ಹಾಯುವ ಗಾಳಿಯೂ ಹೀಗೆಯೇ ಸುಳಿಸುಳಿಯಾಗಿ ತಳ್ಳಾಡುತ್ತದೆ. ಅನಿಲ ಹಗುರವಾದಷ್ಟೂ ಆ ಸುಳಿಗಳು ಕಡಿಮೆಯಾಗಿ ಹರಿವು ನೇರವಾಗುತ್ತದೆ, ಎಳೆಯುವ ಶ್ರಮ ಇಳಿಯುತ್ತದೆ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹೀಲಿಯಂ ಊತವನ್ನು ಇಳಿಸುವುದಿಲ್ಲ, ಗಡ್ಡೆಯನ್ನು ಕರಗಿಸುವುದಿಲ್ಲ, ಸೋಂಕನ್ನು ಕೊಲ್ಲುವುದಿಲ್ಲ. ಅದು ರೋಗಿಗೆ ಕೊಡುವುದು ಸಮಯವನ್ನು. ಔಷಧ ಕೆಲಸ ಮಾಡುವವರೆಗೆ, ಶಸ್ತ್ರವೈದ್ಯರು ಬಂದು ಸೇರುವವರೆಗೆ, ದಣಿದ ಎದೆಯ ಸ್ನಾಯುಗಳು ಸೋಲದಂತೆ ಅದು ಜೊತೆಗಿರುತ್ತದೆ. ಬಳಿಕ ಒಂದಿಷ್ಟೂ ಗುರುತು ಉಳಿಸದೆ ಹೊರಟುಹೋಗುತ್ತದೆ.

ಅದರ ಮಿತಿಗಳೂ ಸ್ಪಷ್ಟವಾಗಿವೆ. ಮಿಶ್ರಣದಲ್ಲಿ ಹೀಲಿಯಂ ಪಾಲು ದೊಡ್ಡದಿದ್ದರೆ ಮಾತ್ರ ಪ್ರಯೋಜನ. ಹೆಚ್ಚು ಆಮ್ಲಜನಕ ಬೇಕಾದ ರೋಗಿಗೆ ಹೀಲಿಯಂನ ಪಾಲನ್ನು ಇಳಿಸಬೇಕಾಗುವುದರಿಂದ ಹಗುರತನವೂ ಹೋಗುತ್ತದೆ. ಆಮ್ಲಜನಕಕ್ಕೆಂದು ಗುರುತುಹಾಕಿದ ಮಾಪಕಗಳಲ್ಲಿ ಈ ಮಿಶ್ರಣದ ಹರಿವು ತಪ್ಪಾಗಿ ಕಾಣಿಸುತ್ತದೆ. ಎಂಬತ್ತು-ಇಪ್ಪತ್ತರ ಮಿಶ್ರಣವಾದರೆ ಮಾಪಕ ತೋರಿಸಿದ ಅಂಕಿಯನ್ನು 1.8ರಿಂದ ಗುಣಿಸಿಕೊಳ್ಳಬೇಕು. ಆಮ್ಲಜನಕವಿಲ್ಲದ ಶುದ್ಧ ಹೀಲಿಯಂ ಪ್ರಾಣಾಪಾಯಕಾರಿ. ಆದ್ದರಿಂದಲೇ ಆಸ್ಪತ್ರೆಗೆ ಇದು ಆಮ್ಲಜನಕ ಬೆರೆಸಿದ ಸಿಲಿಂಡರಿನಲ್ಲಿ ಬರುತ್ತದೆ. ಹುಟ್ಟುಹಬ್ಬದ ಬಲೂನಿನ ಅನಿಲವನ್ನು ಎಳೆದು ಕೀರಲು ದನಿಯಲ್ಲಿ ಮಾತನಾಡುವ ಆಟವನ್ನು ಮಕ್ಕಳಿಗೆ ಹೆತ್ತವರು ಕಲಿಸಬಾರದು.

ಕಡಲಾಳದ ಪಾಠ

ಅದೇ ದಶಕದಲ್ಲಿ ಬೇರೊಂದು ಕಡೆಯಿಂದಲೂ ಈ ಅನಿಲಗಳ ವಿಚಾರ ಬೆಳೆಯಿತು. ಕಡಲಾಳಕ್ಕೆ ಇಳಿಯುವ ಮುಳುಗುಗಾರರು ಒತ್ತಡದ ಗಾಳಿಯನ್ನು ಉಸಿರಾಡುತ್ತ ಕುಡಿದವರಂತೆ ಮಂಕಾಗುತ್ತಿದ್ದರು. 1935ರಲ್ಲಿ ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕೆ ಮತ್ತು ಸಂಗಡಿಗರು ಇದಕ್ಕೆ ಸಾರಜನಕವೇ ಕಾರಣವೆಂದು ಹೇಳಿದರು. 1939ರ ಮೇ ತಿಂಗಳಲ್ಲಿ ಸ್ಕ್ವಾಲಸ್ ಎಂಬ ಜಲಾಂತರ್ಗಾಮಿ 70 ಮೀಟರಿಗೂ ಹೆಚ್ಚು ಆಳದಲ್ಲಿ ಮುಳುಗಿತು. 26 ಮಂದಿ ತೀರಿಕೊಂಡರು, 33 ಮಂದಿಯನ್ನು ಉಳಿಸಿ ಮೇಲಕ್ಕೆ ತರಲಾಯಿತು. ಮುಂದೆ ಆ ಹಡಗನ್ನು ಮೇಲೆತ್ತುವ ದೀರ್ಘ ಕೆಲಸದಲ್ಲಿ ಮುಳುಗುಗಾರರು ಸಾರಜನಕದ ಬದಲು ಹೀಲಿಯಂ ಬೆರೆತ ಆಮ್ಲಜನಕವನ್ನು ಉಸಿರಾಡಿದರು. ಅವರ ಬುದ್ಧಿ ತಿಳಿಯಾಗಿ ಉಳಿಯಿತು.

ಹಾಗಾದರೆ ರಾಸಾಯನಿಕವಾಗಿ ಏನೂ ಮಾಡದ ಅನಿಲವೊಂದು ಮಿದುಳನ್ನು ಮಂಕಾಗಿಸುವುದು ಹೇಗೆ? ಕೊಬ್ಬಿನಲ್ಲಿ ಹೆಚ್ಚು ಕರಗುವ ವಸ್ತು ಹೆಚ್ಚು ಅರಿವಳಿಕೆಯ ಶಕ್ತಿಯುಳ್ಳದ್ದು ಎಂದು ಮೇಯರ್ ಮತ್ತು ಓವರ್ಟನ್ ಎಂಬ ವಿಜ್ಞಾನಿಗಳು 1900ರ ಆಸುಪಾಸಿನಲ್ಲೇ ತೋರಿಸಿಕೊಟ್ಟಿದ್ದರು. ಹೀಲಿಯಂ ಕೊಬ್ಬಿನಲ್ಲಿ ಅತಿ ಕಡಿಮೆ ಕರಗುತ್ತದೆ. ಆರ್ಗಾನ್ ಸಾರಜನಕಕ್ಕಿಂತ ಹೆಚ್ಚು, ಕ್ರಿಪ್ಟಾನ್ ಅದಕ್ಕಿಂತ ಹೆಚ್ಚು, ಕ್ಸೆನಾನ್ ಎಲ್ಲಕ್ಕಿಂತ ಹೆಚ್ಚು. ಈ ಏಣಿಯ ತುದಿಯಲ್ಲಿರುವ ಕ್ಸೆನಾನ್ ಮನುಷ್ಯನನ್ನು ನಿದ್ರೆಗೆ ಕೊಂಡೊಯ್ಯಬಲ್ಲದೇ ಎಂಬ ಪ್ರಶ್ನೆ ಸಹಜವಾಗಿಯೇ ಮೂಡಿತು.

ನಿದ್ರೆ ತಂದ ಅಪರಿಚಿತ

ಬಾಸ್ಟನ್ ನಗರದಲ್ಲಿ 1846ರ ಅಕ್ಟೋಬರ್ 16ರಂದು ವಿಲಿಯಂ ಮಾರ್ಟನ್ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ಸಾರ್ವಜನಿಕವಾಗಿ ತೋರಿಸಿದ ಮೇಲೆ ಅರಿವಳಿಕೆಯ ಹೊಸ ಯುಗ ಆರಂಭವಾಗಿತ್ತು. ಆದರೆ ಈಥರ್ ಹೊತ್ತಿಕೊಳ್ಳುವಂಥದು. 1930ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಪ್ರೊಪೇನ್ ಕಿಡಿ ಸೋಕಿದರೆ ಸ್ಫೋಟಿಸುವಂಥದು. ಆ ಅಪಾಯವನ್ನು ತಗ್ಗಿಸಲು ಅದಕ್ಕೆ ಹೀಲಿಯಂ ಬೆರೆಸುವ ಪ್ರಯತ್ನಗಳೂ ನಡೆದವು. ಉರಿಯದ, ದೇಹದಲ್ಲಿ ಒಡೆಯದ, ಬೇಗ ಬಂದು ಬೇಗ ಹೋಗುವ ಅರಿವಳಿಕೆ ಎಲ್ಲ ವೈದ್ಯರ ಕನಸಾಗಿತ್ತು.

1946ರಲ್ಲಿ ಅಮೆರಿಕದ ಜಾನ್ ಲಾರೆನ್ಸ್ ಮತ್ತು ಸಂಗಡಿಗರು ಕ್ಸೆನಾನ್ ಉಸಿರಾಡಿದ ಇಲಿಗಳಿಗೆ ಮಂಪರು ಕವಿಯುವುದನ್ನು ವರದಿ ಮಾಡಿದರು. 1951ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಸ್ಟುವರ್ಟ್ ಕಲನ್ ಮತ್ತು ಅರ್ವಿನ್ ಗ್ರಾಸ್ ಎಂಬ ವೈದ್ಯರು 81 ವರ್ಷದ ಒಬ್ಬ ವೃದ್ಧರಿಗೂ 38 ವರ್ಷದ ಒಬ್ಬ ಮಹಿಳೆಗೂ ಕ್ಸೆನಾನ್ ಮತ್ತು ಆಮ್ಲಜನಕದ ಮಿಶ್ರಣವನ್ನು ಕೊಟ್ಟು ಶಸ್ತ್ರಚಿಕಿತ್ಸೆಗೆ ಒಳಪಡಿಸಿದರು. ಇಬ್ಬರೂ ಸುಖವಾಗಿ ನಿದ್ರಿಸಿ ಸುಖವಾಗಿ ಎಚ್ಚೆತ್ತರು. ಅಪರಿಚಿತನೆಂದು ಹೆಸರಿಟ್ಟ ಅನಿಲ ಅಂದು ಶಸ್ತ್ರಚಿಕಿತ್ಸೆಯ ಕೊಠಡಿಯೊಳಗೆ ಕಾಲಿಟ್ಟಿತು. 'ಕ್ಸೆನೋಸ್' ಎಂಬ ಪದವೂ ಮತ್ತಾಯನ ಶುಭಸಂದೇಶದ್ದೇ. ಕಡೆಯ ತೀರ್ಪಿನ ಪ್ರಸಂಗದಲ್ಲಿ ಸತ್ಕರಿಸಬೇಕಾದ ಪರದೇಶಿಯನ್ನು ಅಲ್ಲಿ ಹಾಗೆಂದು ಕರೆಯಲಾಗಿದೆ.

ಕ್ಸೆನಾನಿನ ಗುಣಗಳು ನಿಜಕ್ಕೂ ಬೆರಗು ಹುಟ್ಟಿಸುತ್ತವೆ. ರಕ್ತದಲ್ಲಿ ಅದು ಅತಿ ಕಡಿಮೆ ಕರಗುತ್ತದೆ. ನಗೆ ಅನಿಲವೆಂದು ಕರೆಯುವ ನೈಟ್ರಸ್ ಆಕ್ಸೈಡಿಗೆ ಹೋಲಿಸಿದರೆ ಕಾಲು ಭಾಗದಷ್ಟೇ. ಹೀಗಾಗಿ ಕೊಡುವುದನ್ನು ನಿಲ್ಲಿಸಿದೊಡನೆ ಉಸಿರಿನೊಡನೆ ಹೊರಹೋಗಿ ರೋಗಿ ಬೇಗನೆ ಎಚ್ಚರಗೊಳ್ಳುತ್ತಾನೆ. ಹೃದಯದ ಬಡಿತಕ್ಕೂ ರಕ್ತದೊತ್ತಡಕ್ಕೂ ಅದರಿಂದ ಆಗುವ ವ್ಯತ್ಯಾಸ ಅಲ್ಪ. ಯಕೃತ್ತು, ಮೂತ್ರಪಿಂಡಗಳಿಗೆ ಅದನ್ನು ಒಡೆಯುವ ಹೊರೆಯಿಲ್ಲ. ವಾತಾವರಣವನ್ನು ಬಿಸಿಮಾಡುವ ದೋಷವೂ ಅದಕ್ಕಿಲ್ಲ. ಅದು ಕೆಲಸ ಮಾಡುವ ಬಗೆಯ ಮೇಲೆ 1998ರಲ್ಲಿ ಲಂಡನ್ನಿನ ನಿಕೊಲಸ್ ಫ್ರ್ಯಾಂಕ್ಸ್ ಮತ್ತು ಸಂಗಡಿಗರು ಬೆಳಕು ಚೆಲ್ಲಿದರು. ನರಕೋಶಗಳಲ್ಲಿ ಗ್ಲುಟಮೇಟ್ ಎಂಬ ಉತ್ತೇಜಕ ರಾಸಾಯನಿಕವನ್ನು ಸ್ವೀಕರಿಸುವ ಒಂದು ಬಗೆಯ ಗ್ರಾಹಕಗಳನ್ನು ಕ್ಸೆನಾನ್ ತಡೆಹಿಡಿಯುತ್ತದೆ ಎಂದು ಅವರು ಕಂಡುಕೊಂಡರು.

ಇಷ್ಟಾದರೂ ಕ್ಸೆನಾನ್ ಎಲ್ಲ ಆಸ್ಪತ್ರೆಗಳ ಅನಿಲವಾಗಲಿಲ್ಲ. ಕಾರಣ ಅದರ ದುರ್ಲಭತೆ. ಸುಮಾರು ಒಂದು ಕೋಟಿ ಹದಿನೈದು ಲಕ್ಷ ಲೀಟರ್ ಗಾಳಿಯಲ್ಲಿ ಇರುವುದು ಒಂದೇ ಲೀಟರ್ ಕ್ಸೆನಾನ್. ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ ಹುಡುಕಿದರೆ ಸಿಗುವುದು ಮೂರು ಮಿಲಿಲೀಟರ್. ನಿದ್ರೆ ಬರಿಸಲು ಉಸಿರಿನ ಅರ್ಧಕ್ಕಿಂತ ಹೆಚ್ಚು ಪಾಲು ಕ್ಸೆನಾನ್ ಆಗಿರಬೇಕು. ರೋಗಿ ಹೊರಬಿಟ್ಟ ಅನಿಲವನ್ನೇ ಶುದ್ಧಗೊಳಿಸಿ ಮತ್ತೆ ಬಳಸುವ ಮುಚ್ಚಿದ ಯಂತ್ರಗಳಿದ್ದರೂ ವೆಚ್ಚ ಬಲು ದೊಡ್ಡದು. ಎಚ್ಚರಗೊಂಡ ರೋಗಿಗಳಲ್ಲಿ ವಾಕರಿಕೆ, ವಾಂತಿ ಕೂಡ ಹೆಚ್ಚಾಗಿ ಕಂಡುಬಂದವು. 2005ರಲ್ಲಿ ಜರ್ಮನಿಯಲ್ಲಿ ಕ್ಸೆನಾನ್ ಅರಿವಳಿಕೆಗೆ ಅನುಮತಿ ದೊರೆತರೂ ಅದರ ಬಳಕೆ ಸೀಮಿತವಾಗಿಯೇ ಉಳಿಯಿತು.

ಅಳೆಯುವ ಕೆಲಸ

ದೇಹದೊಳಗೆ ಕರಗಿಹೋಗದ, ಬದಲಾಗದ ವಸ್ತು ಅಳತೆಗೆ ಉತ್ತಮ ಸಾಧನ. ನಾವು ಎಷ್ಟೇ ಉಸಿರು ಹೊರಬಿಟ್ಟರೂ ಶ್ವಾಸಕೋಶದಲ್ಲಿ ಒಂದಿಷ್ಟು ಗಾಳಿ ಉಳಿದೇ ಇರುತ್ತದೆ. ಊದಲಾಗದ ಈ ಗಾಳಿಯನ್ನು ಅಳೆಯುವುದು ಹೇಗೆ? ಆರು ಲೀಟರ್ ಹಿಡಿಸುವ ಪಾತ್ರೆಯಲ್ಲಿ ಶೇಕಡ 12ರಷ್ಟು ಹೀಲಿಯಂ ಬೆರೆಸಿ, ರೋಗಿಯ ಸಹಜ ಉಸಿರಿನ ಕೊನೆಯಲ್ಲಿ ಅದಕ್ಕೆ ಜೋಡಿಸಿ ಉಸಿರಾಡಿಸುತ್ತಾರೆ ಎಂದುಕೊಳ್ಳೋಣ. ಸ್ವಲ್ಪ ಹೊತ್ತಿನಲ್ಲಿ ಹೀಲಿಯಂ ಪಾತ್ರೆಗೂ ಶ್ವಾಸಕೋಶಕ್ಕೂ ಸಮನಾಗಿ ಹರಡಿ ಅದರ ಪ್ರಮಾಣ ಶೇಕಡ 8ಕ್ಕೆ ಇಳಿದರೆ, ಒಟ್ಟು ಜಾಗ ಒಂಬತ್ತು ಲೀಟರ್ ಆಯಿತು. ಶ್ವಾಸಕೋಶದಲ್ಲಿದ್ದ ಗಾಳಿ ಮೂರು ಲೀಟರ್. ರಕ್ತಕ್ಕೆ ಹೀರಿಹೋಗುವ ಅನಿಲದಿಂದ ಈ ಲೆಕ್ಕ ಸಾಧ್ಯವಿಲ್ಲ.

ಕ್ಸೆನಾನ್ ಕೂಡ ಇದೇ ಬಗೆಯ ಸೇವೆಗೆ ಬಂದಿದೆ. 1955ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ವಿಕಿರಣಶೀಲ ಕ್ಸೆನಾನನ್ನು ಉಸಿರಾಡಿಸಿ ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ತಲುಪುತ್ತದೆ ಎಂದು ನೋಡಲು ಆರಂಭಿಸಿದರು. ಈಚಿನ ದಶಕಗಳಲ್ಲಿ ವಿಕಿರಣವಿಲ್ಲದ ಕ್ಸೆನಾನನ್ನು ವಿಶೇಷವಾಗಿ ಸಜ್ಜುಗೊಳಿಸಿ, ಅದನ್ನು ಎಳೆದುಕೊಂಡು ರೋಗಿ ಕೆಲವು ಕ್ಷಣ ಉಸಿರು ಬಿಗಿಹಿಡಿಯುವಷ್ಟರಲ್ಲಿ ಎಂ.ಆರ್.ಐ. ಯಂತ್ರದಿಂದ ಚಿತ್ರ ತೆಗೆಯುವ ವಿಧಾನ ಬೆಳೆಯಿತು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 12 ವರ್ಷ ಮೇಲ್ಪಟ್ಟವರಲ್ಲಿ ಇದರ ಬಳಕೆಗೆ ಅನುಮತಿ ನೀಡಿತು. ಕೋವಿಡ್ ಬಂದುಹೋದ ಎಷ್ಟೋ ತಿಂಗಳ ಮೇಲೂ ಏದುಸಿರು ಬಿಡುತ್ತಿದ್ದ, ಸಿ.ಟಿ. ಚಿತ್ರದಲ್ಲಿ ಎಲ್ಲವೂ ಸರಿಯಾಗಿ ಕಂಡ ಕೆಲವರಲ್ಲಿ ಗಾಳಿ ರಕ್ತಕ್ಕೆ ದಾಟುವ ಹಂತದ ದೋಷವನ್ನು ಇಂಗ್ಲೆಂಡಿನ ಸಂಶೋಧಕರು ಈ ವಿಧಾನದಿಂದ ಕಂಡರು. 'ನಿಮಗೇನೂ ಇಲ್ಲ, ಎಲ್ಲ ಮನಸ್ಸಿನ ಭ್ರಮೆ' ಎನ್ನಿಸಿಕೊಂಡು ನೊಂದವರಿಗೆ ಇಂತಹ ಒಂದು ಚಿತ್ರ ಎಷ್ಟು ದೊಡ್ಡ ಸಾಂತ್ವನವೆಂಬುದನ್ನು ರೋಗಿಗಳ ಮಾತು ಕೇಳಿಸಿಕೊಂಡವರು ಬಲ್ಲರು.

ಭರವಸೆ ಮತ್ತು ಪುರಾವೆ

ಕ್ಸೆನಾನಿನ ಸುತ್ತ ಇನ್ನೊಂದು ದೊಡ್ಡ ಭರವಸೆ ಬೆಳೆದಿತ್ತು. ಹುಟ್ಟುವಾಗ ಆಮ್ಲಜನಕದ ಕೊರತೆಗೆ ಸಿಕ್ಕಿದ ಶಿಶುವಿನ ಮಿದುಳಿನಲ್ಲಿ ಗ್ಲುಟಮೇಟ್ ಉಕ್ಕಿ ನರಕೋಶಗಳನ್ನು ಕೊಲ್ಲುತ್ತದೆ. ಕ್ಸೆನಾನ್ ಅದನ್ನು ತಡೆಯುವುದಾದರೆ ಆ ಮಗುವನ್ನು ಉಳಿಸಬಹುದಲ್ಲವೇ? ಪ್ರಾಣಿಗಳ ಮೇಲಿನ ಪ್ರಯೋಗಗಳು ಹೌದೆಂದವು. 2010ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಮೊದಲ ಬಾರಿಗೆ ನವಜಾತ ಶಿಶುವೊಂದಕ್ಕೆ ಈ ಉದ್ದೇಶದಿಂದ ಕ್ಸೆನಾನ್ ಕೊಟ್ಟರು. ನಂತರ ಬ್ರಿಟನ್ನಿನಲ್ಲಿ 92 ಶಿಶುಗಳ ಮೇಲೆ ಎಚ್ಚರಿಕೆಯ ಅಧ್ಯಯನ ನಡೆಯಿತು. ಶರೀರವನ್ನು ತಂಪಾಗಿಡುವ ಚಿಕಿತ್ಸೆಯೊಡನೆ ಕೆಲವು ಶಿಶುಗಳಿಗೆ ಕ್ಸೆನಾನ್ ಕೊಟ್ಟು, ಕೆಲವಕ್ಕೆ ಕೊಡದೆ ಹೋಲಿಸಿದರು. 2016ರಲ್ಲಿ ಮುದ್ರಣಗೊಂಡ ಫಲಿತಾಂಶದಲ್ಲಿ ಕ್ಸೆನಾನಿನಿಂದ ಮಿದುಳಿನ ಹಾನಿ ತಗ್ಗಿದ್ದು ಕಾಣಲಿಲ್ಲ.

ಅದೇ ವರ್ಷ ಫಿನ್‌ಲ್ಯಾಂಡಿನಲ್ಲಿ, ಹೃದಯ ನಿಂತು ಮತ್ತೆ ಮಿಡಿದರೂ ಪ್ರಜ್ಞೆ ಬಾರದ 110 ಮಂದಿಯ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಕ್ಸೆನಾನ್ ಪಡೆದವರ ಮಿದುಳಿನ ಬಿಳಿಭಾಗದಲ್ಲಿ ಹಾನಿ ಕಡಿಮೆಯಿತ್ತು. ಆದರೆ ಬದುಕುಳಿದವರ ಸಂಖ್ಯೆಯಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಭರವಸೆ ಪೂರ್ತಿಯಾಗಿ ಆರಲಿಲ್ಲ, ನಿಜವೂ ಆಗಲಿಲ್ಲ. ಎಷ್ಟೋ ವರ್ಷ ದುಡಿದವರು ತಮ್ಮ ಸೋಲನ್ನು ತಾವೇ ಬರೆದು ಪ್ರಕಟಿಸುವುದಕ್ಕೂ ಒಂದು ಬಗೆಯ ಪಾಪನಿವೇದನೆಯ ಧೈರ್ಯ ಬೇಕು. ಕ್ಯಾವೆಂಡಿಶ್ ಆ ಪುಟ್ಟ ಗುಳ್ಳೆಯನ್ನು ಮುಚ್ಚಿಡದೆ ಬರೆದಿಟ್ಟದ್ದೂ ಇದೇ ಪ್ರಾಮಾಣಿಕತೆಯಿಂದ.

ಆದರೆ ಎಲ್ಲರೂ ಪುರಾವೆಗಾಗಿ ಕಾಯುವುದಿಲ್ಲ. ಕ್ಸೆನಾನ್ ದೇಹದಲ್ಲಿ ಕೆಂಪು ರಕ್ತಕಣಗಳ ಉತ್ಪತ್ತಿಯನ್ನು ಹೆಚ್ಚಿಸಬಹುದೆಂಬ ನಂಬಿಕೆಯಿಂದ ಕ್ರೀಡಾಪಟುಗಳು ಅದನ್ನು ಬಳಸಿದ ಸುದ್ದಿ ಬಂದ ಮೇಲೆ, 2014ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ಕ್ಸೆನಾನ್ ಮತ್ತು ಆರ್ಗಾನ್‌ಗಳನ್ನು ನಿಷೇಧಿತ ಪಟ್ಟಿಗೆ ಸೇರಿಸಿತು. 2025ರ ಮೇ ತಿಂಗಳಲ್ಲಿ ಬ್ರಿಟನ್ನಿನ ನಾಲ್ವರು ಮೊದಲೇ ಕ್ಸೆನಾನ್ ಉಸಿರಾಡಿ, ಲಂಡನ್ ಬಿಟ್ಟು ಒಂದು ವಾರದೊಳಗೆ ಎವರೆಸ್ಟ್ ಶಿಖರವೇರಿದರು. ಇದರಿಂದ ಏರುವಿಕೆ ಸುಲಭವಾಗುತ್ತದೆ ಎನ್ನಲು ಪುರಾವೆಯಿಲ್ಲವೆಂದು ಅಂತರರಾಷ್ಟ್ರೀಯ ಪರ್ವತಾರೋಹಿಗಳ ಒಕ್ಕೂಟ ಆ ವರ್ಷದ ಆರಂಭದಲ್ಲೇ ಎಚ್ಚರಿಸಿತ್ತು. ಒಂದು ಲೀಟರಿಗಾಗಿ ಕೋಟಿ ಲೀಟರ್ ಗಾಳಿಯನ್ನು ಸೋಸಬೇಕಾದ ವಸ್ತು ಯಾರ ಉಸಿರಿಗೆ ಮೊದಲು ಸಲ್ಲಬೇಕು ಎಂಬ ಪ್ರಶ್ನೆಯನ್ನು ವೈದ್ಯರಷ್ಟೇ ಅಲ್ಲ, ನಾವೂ ಕೇಳಿಕೊಳ್ಳಬೇಕು.

ಉಸಿರಿನ ಋಣ

ಮೊದಲಿಗೆ ನೆನೆದ ಅಜ್ಜಿಯ ಕಡೆಗೆ ಮರಳುತ್ತೇನೆ. ಹೀಲಿಯಂ ಮಿಶ್ರಣ ಸಿಕ್ಕಿದ್ದರೆ ಅವರ ರಾತ್ರಿಗಳು ಸುಖವಾಗಿರುತ್ತಿದ್ದವೇ? ಬಹುಶಃ ಅಷ್ಟೇನೂ ಇಲ್ಲ. ಅದು ಹೆಚ್ಚು ನೆರವಾಗುವುದು ಗಂಟಲು ಮತ್ತು ದೊಡ್ಡ ಶ್ವಾಸನಾಳಗಳ ಅಡಚಣೆಯಲ್ಲಿ. ಉಬ್ಬಸ ಹೆಚ್ಚಾಗಿ ಕಾಡುವುದು ಸಣ್ಣ ನಾಳಗಳಲ್ಲಿ. ಅಲ್ಲಿ ಗಾಳಿ ಮೊದಲೇ ಸುಳಿಯಿಲ್ಲದೆ ಹರಿಯುವುದರಿಂದ ಹಗುರತನದ ಲಾಭ ಕಡಿಮೆ. ಉಬ್ಬಸದ ಎಲ್ಲ ರೋಗಿಗಳಿಗೂ ಹೀಲಿಯಂ ಕೊಡಬೇಕೆನ್ನಲು ಅಧ್ಯಯನಗಳು ಆಧಾರ ಒದಗಿಸಿಲ್ಲ. ತೀವ್ರವಾದ ಕೆಲವು ಸಂದರ್ಭಗಳಲ್ಲಿ ಔಷಧವನ್ನು ಒಳಗೊಯ್ಯುವ ವಾಹಕವಾಗಿ ಅದು ಉಪಯುಕ್ತವಾಗಬಹುದು. ಅಜ್ಜಿಗೆ ನಿಜವಾಗಿ ಬೇಕಾಗಿದ್ದುದು ಇಂದು ಪ್ರತಿ ಪೇಟೆಯ ಔಷಧ ಅಂಗಡಿಯಲ್ಲಿ ಸಿಗುವ ಇನ್‌ಹೇಲರ್. ಅದನ್ನು ಹಿಡಿದರೆ ಚಟವಾಗುತ್ತದೆ, ಮಗಳಿಗೆ ಮದುವೆಯಾಗುವುದಿಲ್ಲ ಎಂದು ಮುಚ್ಚಿಡುವ ಮನೆಗಳನ್ನು ನಾನು ಈಗಲೂ ಕಾಣುತ್ತೇನೆ. ಅದು ಚಟವಲ್ಲ. ವೈದ್ಯರು ಹೇಳಿದಂತೆ ಕ್ರಮವಾಗಿ ತೆಗೆದುಕೊಂಡರೆ ಕುಳಿತು ಕಳೆಯುವ ರಾತ್ರಿಗಳು ಮಲಗಿ ಕಳೆಯುವ ರಾತ್ರಿಗಳಾಗುತ್ತವೆ.

2021ರ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ನಮ್ಮಲ್ಲಿ ಯಾರೂ ಮರೆತಿರಲಾರರು. ದಿನಕ್ಕೆ ಎರಡೆರಡು ಬಾರಿ ಸ್ಮಶಾನಕ್ಕೆ ಹೋಗಿ, ಮೂರ್ನಾಲ್ಕು ಮಂದಿ ಬಂಧುಗಳ ಮುಂದೆ ಅಂತ್ಯಕ್ರಿಯೆಯ ಪ್ರಾರ್ಥನೆ ಹೇಳಿದ ದಿನಗಳವು. ಆಗ ಕೊರತೆಯಾದದ್ದು ದುರ್ಲಭವಾದ ಕ್ಸೆನಾನ್ ಆಗಿರಲಿಲ್ಲ. ಗಾಳಿಯ ಐದನೇ ಒಂದು ಪಾಲಾಗಿರುವ ಆಮ್ಲಜನಕ. ದ್ರವ ಆಮ್ಲಜನಕವನ್ನು ಸಾಗಿಸಲು ಟ್ಯಾಂಕರುಗಳು ಸಾಲದೆ ಹೋದಾಗ, ಕೈಗಾರಿಕೆಗಳಿಗೆ ಆರ್ಗಾನ್ ಮತ್ತು ಸಾರಜನಕ ಹೊತ್ತು ತಿರುಗುತ್ತಿದ್ದ ಟ್ಯಾಂಕರುಗಳನ್ನು ಆಮ್ಲಜನಕಕ್ಕಾಗಿ ಮಾರ್ಪಡಿಸಲು ನಮ್ಮ ದೇಶದಲ್ಲಿ ಆದೇಶವಾಯಿತು. ಸೋಮಾರಿ ಎಂಬ ಹೆಸರು ಹೊತ್ತ ಅನಿಲ ತನ್ನ ಬಂಡಿಯಿಂದ ಇಳಿದು ಪ್ರಾಣವಾಯುವಿಗೆ ದಾರಿಬಿಟ್ಟಿತು. ಈ ವೃತ್ತಾಂತದಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ತಟ್ಟಿದ ಘಟನೆ ಅದೇ.

ಕರೆಯದೆ ಬೀದಿಯಲ್ಲಿ ನಿಂತ ಆಳುಗಳಂತೆ ಈ ಅನಿಲಗಳು ಕಾದಿದ್ದವು. ಕೆಲವನ್ನು ಮಧ್ಯಾಹ್ನಕ್ಕೆ, ಕೆಲವನ್ನು ಇಳಿಹೊತ್ತಿಗೆ ಕರೆದರು. ಕರೆದಾಗ ಅವು ತಮ್ಮಿಂದಾದಷ್ಟು ಮಾಡಿದವು. ಆಗದ್ದನ್ನು ಆಗುವುದೆಂದು ಹೇಳಿದವರು ನಾವು ಮನುಷ್ಯರೇ. ನಮ್ಮ ಮನೆಗಳಲ್ಲೂ ಏದುಸಿರು ಬಿಡುತ್ತ ಗೋಡೆಗೊರಗಿ ಕುಳಿತ ಹಿರಿಯರಿದ್ದಾರೆ. ಅವರ ರೋಗವನ್ನು ಗುಣಪಡಿಸುವುದು ನಮ್ಮಿಂದ ಆಗದಿರಬಹುದು. ಔಷಧ ತಂದುಕೊಡುವುದು, ರಾತ್ರಿ ಎದ್ದು ಬಿಸಿನೀರು ಕೊಡುವುದು, ಬೆಳಗಾಗುವವರೆಗೆ ಪಕ್ಕದಲ್ಲಿ ಕುಳಿತಿರುವುದು ಖಂಡಿತ ಆಗುತ್ತದೆ. ನನ್ನ ತಾಯಿ ಅಜ್ಜಿಗಾಗಿ ಅಷ್ಟನ್ನು ಮಾಡುತ್ತಿದ್ದರು. ಆ ರಾತ್ರಿಗಳಲ್ಲಿ ಅಜ್ಜಿಗೆ ಸಿಕ್ಕ ಆಸರೆ ಅದೊಂದೇ ಆಗಿತ್ತು.